ಎರಡು ಗ್ರಾಮಿನ ಬಟ್ಟು

೩ ಮಾರ್ಚ್ ೨೦೧೯, ಭಾನುವಾರ

ಕ್ಲಬ್ಬಿನ ಶೂಟಿಂಗ್ ರೇಂಜಿನಿಂದ ಈಗ ಬಂದೆ. ಕೋವಿಗೆ ಹಾಕಿದ ಇಪ್ಪತ್ತು ತೋಟಾದಲ್ಲಿ ಮೂರು ಕೈಕೊಟ್ಟವು. ನಳಿಕೆಯ ಬುಡದ ಚೇಂಬರಿಗೆ ಇಳಿಯುತ್ತವೆ, ಹಿಂದಿನ ಬೋಲ್ಟು ಮಾತ್ರ ಮುಚ್ಚುವುದಿಲ್ಲ. ಹಿಡಿಕೆ ಅರ್ಧಕ್ಕೆ ನಿಂತುಬಿಡುತ್ತದೆ. ಅಂಗೈಯಿಂದ ಗುದ್ದಿದೆ. ಚರ್ಮ ಸುಲಿಯಿತು, ಅಷ್ಟೆ.

ಪಕ್ಕದ ಬೆಂಚಿನಲ್ಲಿ ಎವ್ಝೆನ್ ಇದ್ದ. ಕ್ಲಬ್ಬಿನಲ್ಲಿ ಇಪ್ಪತ್ತು ವರ್ಷದ ಗೆಳೆಯ. ನೋಡಿಯೂ ನೋಡದ ಹಾಗೆ ಇರಬಹುದಿತ್ತು. ಇರಲಿಲ್ಲ.

"ಏನೋ ವಿಲ್ದಾ, ಮನೇಲಿ ಜಗಳಾನಾ? ಲಿಬಾ ಬೇಕಂತಲೇ ದಪ್ಪ ಮಾಡಿ ಕೊಟ್ಟಿದಾಳೆ ನೋಡು."

"ನಿನ್ನ ಕೋವಿ ನೋಡ್ಕೋ ಹೋಗು."

ಹೊಡೆಯುವವನು ನಾನು, ಹನ್ನೆರಡು ವರ್ಷದಿಂದ ತೋಟಾ ಮಾಡುವವಳು ನನ್ನ ಹೆಂಡತಿ ಲಿಬಾ. ಕ್ಲಬ್ಬಿನವರಿಗೆಲ್ಲ ಗೊತ್ತು, ಎಲ್ಲರಿಗೂ ಹೊಟ್ಟೆಕಿಚ್ಚು. ಮೂವತ್ತೊಂದು ವರ್ಷ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಪುಡಿ ತೂಗಿದ ಕೈ ಅವಳದು. ಆ ಕೈ ಮಾಡಿದ ತೋಟಾ ಇಂದಿನವರೆಗೆ ಒಂದೂ ಕೈಕೊಟ್ಟಿರಲಿಲ್ಲ. ಹಾಗಾಗಿ ತಪ್ಪು ಕೋವಿಯದೇ. ಚೇಂಬರು ಕೊಳೆಯಾಗಿರಬೇಕು.

೫ ಮಾರ್ಚ್, ಮಂಗಳವಾರ

ಚೇಂಬರು ಒಂದೂವರೆ ಗಂಟೆ ಉಜ್ಜಿದೆ. ಕೊನೆಗೆ ಬಟ್ಟೆ ಹಾಕಿದ ಹಾಗೇ ಬೆಳ್ಳಗೆ ಹೊರಬಂತು. ಕೊಳೆ ಅಲ್ಲ.

ಕೈಕೊಟ್ಟ ಮೂರರಲ್ಲಿ ಒಂದರ ಗುಂಡು ಕಿತ್ತು, ಮದ್ದು ಚೆಲ್ಲಿ, ಬುಡದ ಕೇಪು ತೆಗೆದು, ಖಾಲಿ ಹಿತ್ತಾಳೆ ಕೊಳವೆಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದೆ. ಚೇಂಬರಿಗೆ ಹಾಕಿ, ಬೋಲ್ಟು ಒತ್ತಿ, ಹೊರತೆಗೆದೆ. ಕತ್ತಿನ ಬುಡದ ಇಳಿಜಾರು, ಅಂದರೆ ಭುಜ, ಅದರ ಮೇಲಿನ ಕಪ್ಪು ಕೆರೆದುಹೋಗಿದೆ. ಉಳಿದ ಕಡೆ ಹಾಗೇ ಇದೆ. ಅಂದರೆ ಭುಜ ಮುಂದೆ ಬಂದಿದೆ.

ಹನ್ನೆರಡು ವರ್ಷದ ಹಿಂದೆ ಲಿಬಾಗೆ ಹೇಳಿಕೊಟ್ಟದ್ದು ನೆನಪಾಯಿತು. ಹೊಡೆದಾಗ ಹಿತ್ತಾಳೆ ಉಬ್ಬಿ ಚೇಂಬರಿನ ಅಚ್ಚೇ ಆಗುತ್ತದೆ. ಮತ್ತೆ ತುಂಬುವ ಮುಂಚೆ ಪ್ರೆಸ್ಸಿನ ಹಿಡಿಕೆ ಎಳೆದು ಅದನ್ನು ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಒತ್ತಬೇಕು, ಕತ್ತು ಬಿಗಿಯಾಗಬೇಕು, ಭುಜ ಅರ್ಧ ಕೂದಲೆಳೆಯಷ್ಟು ಹಿಂದೆ ಸರಿಯಬೇಕು. "ಅರ್ಧ ಕೂದಲೆಳೆ ಅಂದ್ರೆ ಎಷ್ಟು? ಅಂಕಿ ಹೇಳು" ಎಂದಿದ್ದಳು. ಅಂಕಿ ಹೇಳಿದ್ದೆ. ಬರೆದುಕೊಳ್ಳಲೂ ಇಲ್ಲ.

ಇವತ್ತು ಮೂರೂ ತೋಟಾ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದಳು.

"ಕೋವಿಗೆ ವಯಸ್ಸಾಯ್ತು ಬಿಡು. ನಿನ್ನ ಹಾಗೇ. ಬೆಳಿಗ್ಗೆ ಬೆಳಿಗ್ಗೆ ಕೀಲು ಮಡಚೋದಿಲ್ಲ."

೯ ಮಾರ್ಚ್, ಶನಿವಾರ

ಮನೆಯಲ್ಲಿ ಉಳಿದಿದ್ದ ಐವತ್ತೂ ತೋಟಾ ಗೇಜಿನಲ್ಲಿ ಅಳೆದೆ. ನಲವತ್ತಮೂರು ಸರಿ. ಏಳರ ಭುಜ ಹಿಂದೆ ಸರಿದೇ ಇಲ್ಲ. ಒಂದೇ ಡೈ, ಒಂದೇ ಪ್ರೆಸ್ಸು, ಒಂದೇ ದಿನದ ಕೆಲಸ. ಡೈ ಕೆಟ್ಟಿದ್ದರೆ ಐವತ್ತೂ ಕೆಡಬೇಕಿತ್ತು. ಡೈ ಹಿಡಿದಿಡುವ ರಿಂಗು ಆಗಾಗ ಸಡಿಲವಾಗುತ್ತಿರಬೇಕು ಅಂದುಕೊಂಡೆ. ನೋಡಿದೆ, ಬಿಗಿಯಾಗಿಯೇ ಇತ್ತು. ಆದರೂ ಇನ್ನಷ್ಟು ಬಿಗಿ ಮಾಡಿದೆ.

ಸಂಜೆ ಲಿಬಾ ತುಂಬಲು ಕೂತಳು. ಮೊದಲು ಅವಳ ಶಾಸ್ತ್ರ. ಔಷಧಿ ಅಂಗಡಿಯವರು ಡಿಜಿಟಲ್ ತಂದಾಗ ಮೂಲೆಗೆಸೆಯುವುದಿದ್ದ ತಕ್ಕಡಿಯನ್ನು ನಿವೃತ್ತಿಯ ದಿನ ಕೇಳಿ ತಂದವಳು. ಒಂದು ತಟ್ಟೆಗೆ ಒಂದೊಂದು ಗ್ರಾಮಿನ ಎರಡು ತೂಕದ ಬಟ್ಟು, ಇನ್ನೊಂದಕ್ಕೆ ಎರಡು ಗ್ರಾಮಿನದು ಒಂದು. ಮುಳ್ಳು ನಟ್ಟನಡುವೆ ನಿಲ್ಲಬೇಕು. ಆಮೇಲೆ ಬಟ್ಟುಗಳನ್ನು ಅದಲುಬದಲು ಮಾಡಿ ಮತ್ತೆ. ಆಗಲೂ ನಿಂತರೆ ಕೆಲಸ ಶುರು. ತಕ್ಕಡಿಯನ್ನೂ ನಂಬಬೇಡ, ಬಟ್ಟನ್ನೂ ನಂಬಬೇಡ, ಒಂದಕ್ಕೆ ಇನ್ನೊಂದರಿಂದ ಸಾಕ್ಷಿ ಹೇಳಿಸು ಅಂತ ಅಂಗಡಿಯ ಹಿರಿಯಾಕೆ ಕಲಿಸಿದ್ದಂತೆ. ನಾನು ರಸ್ತೆ ಇಲಾಖೆಯ ಇಂಜಿನಿಯರು, ಅಳತೆಯಲ್ಲೇ ತಲೆ ನರೆತವನು. ನನಗೇ ಇಷ್ಟು ಶ್ರದ್ಧೆ ಇರಲಿಲ್ಲ.

೧೭ ಮಾರ್ಚ್, ಭಾನುವಾರ

ಇವತ್ತು ನಾಲ್ಕು ಕೈಕೊಟ್ಟವು. ಎವ್ಝೆನ್ ಈ ಸಲ ತನ್ನ ಕೋವಿಯನ್ನೇ ನೋಡಿಕೊಂಡ. ಅದು ಇನ್ನೂ ಕಷ್ಟ.

ಹಿತ್ತಾಳೆ ಹಳತಾಗಿ ಗಡುಸಾಗಿದೆ, ಒತ್ತಿದರೂ ಮತ್ತೆ ಸ್ಪ್ರಿಂಗಿನ ಹಾಗೆ ಎದ್ದು ಬರುತ್ತಿದೆ—ಹೀಗಿರಬಹುದು. ಹೊಸ ಹಿತ್ತಾಳೆ ನೂರು ತರಿಸುತ್ತೇನೆ ಎಂದೆ. ಲಿಬಾಗೆ ಮೂಗಿನ ತುದಿಯಲ್ಲಿ ಸಿಟ್ಟು.

"ಇದ್ರಲ್ಲಿ ಒಂದೊಂದೂ ನಂಗೆ ಗೊತ್ತು. ನೀನು ಕೋವಿ ತೋರಿಸ್ಕೊಂಡು ಬಾ ಮೊದ್ಲು."

೨೨ ಮಾರ್ಚ್, ಶುಕ್ರವಾರ

ಯಿಹ್ಲಾವಾ ಪಟ್ಟಣಕ್ಕೆ ಹೋಗಿದ್ದೆ. ಕೋವಿ ರಿಪೇರಿಯ ಹಾವೆಲ್ಕಾ ಚೇಂಬರಿನ ಒಳಗೆ ದೀಪ ಬಿಟ್ಟು ನೋಡಿದ, ಗೇಜು ಹಾಕಿ ನೋಡಿದ. "ಇನ್ನೂ ಮೂವತ್ತು ವರ್ಷ ಹೊಡೀರಿ ಇಂಜಿನಿಯರ್ ಸಾಹೇಬ್ರೇ, ನೀವೇ ಮೊದ್ಲು ಸವೆದುಹೋಗ್ತೀರ" ಎಂದ. ಆಮೇಲೆ ಕೆಟ್ಟ ತೋಟಾ ಒಂದನ್ನು ಭೂತಗನ್ನಡಿಯ ಕೆಳಗೆ ಹಿಡಿದ. ಬಹಳ ಹೊತ್ತು ಹಿಡಿದ.

"ಇಲ್ಲಿ ನೋಡಿ. ಡೈ ಉಜ್ಜಿದ ಗುರುತು ಇಲ್ಲಿವರೆಗೆ ಬಂದಿದೆ, ಇಲ್ಲಿಗೆ ನಿಂತಿದೆ. ಭುಜ ಮುಟ್ಟೇ ಇಲ್ಲ. ಹಿಡಿಕೆ ಪೂರ್ತಿ ಇಳಿಸಿಲ್ಲ ಇದಕ್ಕೆ. ಮುಕ್ಕಾಲು ಎಳೆದು ಬಿಟ್ಟಿದಾರೆ."

"ಪ್ರೆಸ್ಸಿನ ಕೀಲು ಸವೆದಿರಬೇಕು" ಎಂದೆ.

"ಇರಬಹುದು" ಎಂದ ಹಾವೆಲ್ಕಾ. ನನ್ನ ಮುಖ ನೋಡದೆ ತೋಟಾ ವಾಪಸು ಕೊಟ್ಟ.

೩೦ ಮಾರ್ಚ್, ಶನಿವಾರ, ಬೆಳಿಗ್ಗೆ ೧೧

ಅಡುಗೆಮನೆ ಬಾಗಿಲಿನಿಂದ ನೋಡಿದೆ. ಅವಳಿಗೆ ಗೊತ್ತಿಲ್ಲ.

ಹಿತ್ತಾಳೆ ಇಟ್ಟಳು. ಹಿಡಿಕೆ ಎಳೆದಳು. ಪೂರ್ತಿ. ತೆಗೆದಳು. ಇನ್ನೊಂದು. ಪೂರ್ತಿ. ಹೀಗೆ ಒಂಬತ್ತು. ಹತ್ತನೆಯದಕ್ಕೆ ಹಿಡಿಕೆ ಮುಕ್ಕಾಲಿಗೆ ಬಂದಿತ್ತು, ನಿಲ್ಲಿಸಿದಳು. ಕಿಟಕಿಯ ಕಡೆ ನೋಡಿದಳು. ಕಿಟಕಿಯಲ್ಲಿ ಏನೂ ಇರಲಿಲ್ಲ. ಹಿಡಿಕೆ ಹಿಡಿದ ಕೈ ಹಾಗೇ ಇತ್ತು, ಯಾರದೋ ಕೈ ಎಂಬಂತೆ ಅದನ್ನೇ ನೋಡಿದಳು. ಆಮೇಲೆ ಮೇಲೆತ್ತಿ, ತೆಗೆದು, ಆದವುಗಳ ಡಬ್ಬಿಗೆ ಹಾಕಿದಳು. ಏನೋ ಹಾಡು ಗುನುಗುತ್ತ ಹನ್ನೊಂದನೆಯದು ತೆಗೆದುಕೊಂಡಳು.

ಪ್ರೆಸ್ಸಿನ ಕೀಲು ಸವೆದಿದೆ. ಹೊಸದು ತರಿಸಬೇಕು.

೬ ಏಪ್ರಿಲ್

ಹೊಸ ಕೀಲು ಹಾಕಿದೆ. ಹಳೆಯದು ಸವೆದೇ ಇರಲಿಲ್ಲ.

೨೮ ಏಪ್ರಿಲ್, ಭಾನುವಾರ

ಇವತ್ತಿನದನ್ನು ಬರೆಯಬೇಕು.

ಈಗೀಗ ಗೇಜಿನಲ್ಲಿ ಎಲ್ಲವನ್ನೂ ಅಳೆದು, ಕೆಟ್ಟವನ್ನು ಬೇರೆ ತೆಗೆದು ರೇಂಜಿಗೆ ಒಯ್ಯುತ್ತೇನೆ. ಜಾಣ ನಾನು. ಆರನೆಯ ತೋಟಾ. ಬೋಲ್ಟು ಬೆಣ್ಣೆಯ ಹಾಗೆ ಮುಚ್ಚಿತು. ಒತ್ತಿದೆ. ಢಂ ಅನ್ನಲಿಲ್ಲ. ಟಪ್ ಅಂದಿತು. ಠುಸ್ ತೋಟಾ ಅಂದುಕೊಂಡು ಖಾಲಿ ಕೊಳವೆ ಹೊರಗೆಳೆದು ಏಳನೆಯದನ್ನು ತಳ್ಳುವಷ್ಟರಲ್ಲಿ ಎವ್ಝೆನ್ ನನ್ನ ಮಣಿಕಟ್ಟು ಹಿಡಿದ. ಇಕ್ಕಳದ ಹಿಡಿತ.

"ಮುಟ್ಟಬೇಡ. ಕೋವಿ ಕೆಳಗಿಡು."

ನಳಿಕೆಗೆ ಸರಳು ಹಾಕಿ ನೋಡಿದೆವು. ಗುಂಡು ಒಳಗೇ ಕೂತಿತ್ತು. ತೋಟಾದಲ್ಲಿ ಮದ್ದೇ ಇರಲಿಲ್ಲ. ಕೇಪಿನ ಬಲಕ್ಕೆ ಗುಂಡು ನಳಿಕೆಯೊಳಗೆ ನಾಲ್ಕು ಬೆರಳು ಹೋಗಿ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ಕೋವಿ ನನ್ನ ಮುಖಕ್ಕೇ ಸಿಡಿಯುತ್ತಿತ್ತು.

ಎವ್ಝೆನ್ ಕಾರಿನವರೆಗೆ ಬಂದ.

"ವಿಲ್ದಾ, ಎರಡು ತಿಂಗಳಿಂದ ನೋಡ್ತಿದೀನಿ. ಕೋವಿ ನೋಡ್ದೆ, ಡೈ ನೋಡ್ದೆ, ಹಿತ್ತಾಳೆ ನೋಡ್ದೆ, ಕೀಲೂ ಬದಲಾಯಿಸ್ದೆ. ಇನ್ನು ನೋಡೋಕೆ ಏನು ಉಳಿದಿದೆ ಹೇಳು."

"ಬಾಯ್ಮುಚ್ಚು."

"ಮುಚ್ತೀನಿ. ನೀನು ಡಾಕ್ಟರ್ ಹತ್ರ ಕರ್ಕೊಂಡು ಹೋಗು. ಆ ಪ್ರೆಸ್ಸು ಅವಳ ಕೈಯಿಂದ ತಗೋ."

ಮನೆಗೆ ಬಂದಾಗ ಲಿಬಾ ತೋಟಾ ವಿಚಾರ ಕೇಳಿದಳು, "ಎಲ್ಲಾ ಹೋದ್ವಾ?" ಎಲ್ಲಾ ಹೋದವು ಎಂದೆ. ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

೬ ಮೇ, ಸೋಮವಾರ

ಆಸ್ಪತ್ರೆ. ಗಡಿಯಾರದ ಚಿತ್ರ ಬರೆಯಿರಿ ಎಂದರು. ದುಂಡಗೆ ಚೆಂದ ಬರೆದಳು. ಹನ್ನೆರಡೂ ಅಂಕಿ ಒಂದೇ ಬದಿಗೆ. "ಜಾಗ ಸಾಕಾಗ್ಲಿಲ್ಲ" ಎಂದು ಡಾಕ್ಟರಿಗೆ ನಕ್ಕಳು.

ಅವಳು ಕೋಟು ಹಾಕಿಕೊಳ್ಳುವಾಗ ಡಾಕ್ಟರು ನನಗೆ ಹೇಳಿದರು. ಮರೆವಿನ ಕಾಯಿಲೆ, ಇನ್ನೂ ಶುರುವಷ್ಟೇ, ಆದರೆ ಹಿಂದಕ್ಕೆ ಹೋಗುವ ದಾರಿ ಇಲ್ಲ. "ಅವರಿಗೆ ನೀವೇ ನಿಧಾನಕ್ಕೆ ತಿಳಿಸಿ. ನಿಮ್ಮ ಬಾಯಿಂದ ಬಂದ್ರೆ ಒಳ್ಳೇದು."

ಕಾರಿನಲ್ಲಿ ಅವಳು ಏನೂ ಕೇಳಲಿಲ್ಲ. ದಾರಿಯುದ್ದಕ್ಕೂ ಸಾಸಿವೆ ಹೊಲದ ಹಳದಿ ನೋಡುತ್ತ ಕೂತಳು. ಕೇಳಿದರೆ ಹೇಳೋಣ ಅಂದುಕೊಂಡೆ. ಕೇಳಲಿಲ್ಲವಲ್ಲ, ಬದುಕಿದೆ ಅನ್ನಿಸಿತು. ಹೇಡಿ ನಾನು.

೯ ಮೇ, ಗುರುವಾರ

ಪ್ರೆಸ್ಸು ಗ್ಯಾರೇಜಿಗೆ ಒಯ್ಯಲು ನಟ್ಟು ಬಿಚ್ಚುತ್ತಿದ್ದೆ. ಬಂದು ನಿಂತಳು.

"ಇವತ್ತು ಐವತ್ತು ಮಾಡೋಣ ಅಂತಿದ್ದೆ. ಎಲ್ಲಿಗೆ ಒಯ್ತೀಯ?"

"ಎಣ್ಣೆ ಹಾಕೋಕೆ" ಎಂದೆ. ಮತ್ತೆ ನಟ್ಟು ಬಿಗಿದೆ.

ಆ ಮೇಜಿನ ಮುಂದೆ ಕೂತಾಗ ಮಾತ್ರ ಅವಳು ಮೊದಲಿನ ಲಿಬಾ. ಬೆನ್ನು ನೆಟ್ಟಗೆ, ತೋಳು ಮಡಚಿದ, ಅಂಗಡಿಯ ಕಾಲದ ಬಿಳಿ ಕೋಟು. ಅದನ್ನೂ ಕಿತ್ತುಕೊಂಡರೆ ಏನುಳಿಯುತ್ತದೆ? ಆದರೆ ಮದ್ದು ಅವಳ ಕೈಗೆ ಕೊಡುವಂತಿಲ್ಲ. ಅವಳೇ ಸುಟ್ಟುಕೊಂಡರೆ?

ಅಡುಗೆಮನೆಯ ಕಪಾಟಿನಲ್ಲಿ ಗಸಗಸೆ ಕಂಡಿತು. ನೀಲಿಗಪ್ಪು, ಸಣ್ಣ ಸಣ್ಣ ಗುಂಡು ಕಾಳು. ನಮ್ಮ ಮದ್ದಿನ ಕಾಳೂ ಅಷ್ಟೇ ದುಂಡಗೆ, ಅಷ್ಟೇ ಸಣ್ಣ.

೧೩ ಮೇ, ಸೋಮವಾರ

ಮಾಡಿಬಿಟ್ಟೆ. ಮದ್ದೆಲ್ಲ ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ. ಮದ್ದಿನದೇ ಚೀಟಿ ಅಂಟಿಸಿದ ಹೊಸ ಡಬ್ಬಿಗೆ ಗಸಗಸೆ. ಕೇಪುಗಳು ಸಿಡಿಯದಿರಲಿ ಅಂತ ಎಣ್ಣೆಯಲ್ಲಿ ನೆನೆಸಿ ಒಣಗಿಸಿದೆ.

ಒಂದು ತೊಡಕು. ಗಸಗಸೆ ಮದ್ದಿಗಿಂತ ಹಗುರ. ಒಂದು ತೋಟಾಕ್ಕೆ ಅವಳು ತೂಗುವ ಎರಡು ಗ್ರಾಮಿನ ತೂಕಕ್ಕೆ ಗಸಗಸೆ ಹಾಕಿದರೆ ಹಿತ್ತಾಳೆಯ ಕತ್ತು ದಾಟಿ ಮೇಜಿಗೆ ಚೆಲ್ಲುತ್ತದೆ. ಕೊಳವೆ ಹಿಡಿಯುವಷ್ಟಕ್ಕೇ ತಕ್ಕಡಿ ಸಮ ಆಗಬೇಕು. ಎರಡು ಗ್ರಾಮಿನ ಬಟ್ಟು ತೆಗೆದುಕೊಂಡು ಗ್ಯಾರೇಜಿಗೆ ಹೋದೆ. ಅಡಿಯಿಂದ ತೂತು ಕೊರೆದೆ. ಹಿತ್ತಾಳೆಯ ತುರಿ ಸುರುಳಿ ಸುರುಳಿಯಾಗಿ ಹೊರಬಂತು. ಮೂರನೆ ಒಂದು ಭಾಗ ತೂಕ ಹೋಯಿತು. ಮೇಣ ತುಂಬಿ ನಯ ಮಾಡಿದೆ. ಅಚ್ಚುಕಟ್ಟಾದ ಕೆಲಸ. ಕಳ್ಳನ ಕೆಲಸ.

ಒಂದು–ಒಂದು–ಎರಡರ ಶಾಸ್ತ್ರ? ಅದನ್ನು ಬಿಟ್ಟಿದ್ದಾಳೆ. ಏಪ್ರಿಲ್ ಪೂರ್ತಿ ಗಮನಿಸಿದ್ದೇನೆ, ಒಂದು ಸಲವೂ ಮಾಡಲಿಲ್ಲ.

೧೪ ಮೇ

ಐವತ್ತು ಮಾಡಿದಳು. ಅವಳು ಶುರು ಮಾಡುವಾಗ ನೋಡಲಾರದೆ ಗ್ಯಾರೇಜಿಗೆ ಹೋಗಿದ್ದೆ. ಹತ್ತು ನಿಮಿಷ ಬಿಟ್ಟು ಬಂದೆ. ತೂಗುತ್ತಿದ್ದಳು. ಗಸಗಸೆ ಕತ್ತಿನವರೆಗೆ ಬಂದು ನಿಲ್ಲುತ್ತಿತ್ತು. ಮುಖ ಸ್ವಲ್ಪ ಬಿಳಿಚಿಕೊಂಡಿತ್ತು. ಹುಷಾರಿಲ್ಲವಾ ಎಂದೆ. "ಸೆಕೆ" ಎಂದಳು.

ಮೊದಲ ಸಲ ಅವಳ ಪಕ್ಕ ಕುರ್ಚಿ ಎಳೆದು ಕೂತೆ. ಹಿತ್ತಾಳೆ ಒರೆಸಿ ಒರೆಸಿ ಕೊಟ್ಟೆ. ಮಧ್ಯಾಹ್ನದವರೆಗೆ ಕೂತಿದ್ದೆವು.

೧೯ ಮೇ, ಭಾನುವಾರ

ತೋಟಾ ಡಬ್ಬಿ, ಕೋವಿ ಎಲ್ಲ ಕಾರಿಗೆ ಹಾಕಿ ಹೊರಟೆ. ರೇಂಜಿಗಲ್ಲ, ಕೆರೆ ದಂಡೆಗೆ. ಸುತ್ತಿಗೆ ಬಡಿದು ಐವತ್ತರ ಗುಂಡೂ ಕಿತ್ತೆ. ಗಸಗಸೆ ಮತ್ತೆ ಡಬ್ಬಿಗೆ. ಹಿತ್ತಾಳೆಗೆ ಮೇಣದಬತ್ತಿಯ ಮಸಿ ಹಚ್ಚಿದೆ, ಹೊಡೆದ ಹಾಗೆ ಕಾಣಲಿ ಅಂತ. ಹಳೆಯ ಟಾರ್ಗೆಟ್ ಹಾಳೆ ಒಂದನ್ನು ಹಿಡಿದುಕೊಂಡು ಮನೆಗೆ ಬಂದೆ.

"ಎಲ್ಲಾ ಹೋದ್ವಾ?"

"ಐವತ್ತಕ್ಕೆ ಐವತ್ತೂ. ಬೋಲ್ಟು ಎರಡು ಬೆರಳಲ್ಲಿ ಮುಚ್ತು."

ಹಾಳೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಫ್ರಿಜ್ಜಿಗೆ ಅಂಟಿಸಿದಳು.

೧೫ ಜೂನ್, ಶನಿವಾರ

ಗಸಗಸೆ ಚೆಲ್ಲಿ ಚೆಲ್ಲಿ ಕಡಿಮೆಯಾಗಿದೆ. ಅಂಗಡಿಯಲ್ಲಿ ಎರಡು ಕಿಲೋ ಕೇಳಿದೆ. ಅಂಗಡಿಯಾಕೆ ಬಾಯಿ ತೆರೆದಳು.

"ಅಯ್ಯೋ ಇಂಜಿನಿಯರ್ ಸಾಹೇಬ್ರೇ, ಯಾರ ಮದುವೆ?"

"ನಂದೇ" ಎಂದೆ.

ವಾರಕ್ಕೆ ಮೂರು ದಿನ ಕೂರುತ್ತೇವೆ. ಅವಳು ಎಳೆಯುವುದು, ನಾನು ಒರೆಸುವುದು. ಹಿಡಿಕೆ ಅರ್ಧಕ್ಕೆ ನಿಲ್ಲುವುದು ಈಗ ಹತ್ತರಲ್ಲಿ ನಾಲ್ಕು. ನಿಂತಾಗ ನಾನು ಏನಾದರೂ ಮಾತು ತೆಗೆಯುತ್ತೇನೆ. ಅವಳು ಅಂಗಡಿಯ ಕಥೆ ಹೇಳುತ್ತಾಳೆ. ಮದುವೆಯಾದ ನಲವತ್ತು ವರ್ಷದಲ್ಲಿ ಒಂದೂ ಕೇಳಿರಲಿಲ್ಲ. ಕೇಳಲು ನನಗೆ ಪುರುಸೊತ್ತೆಲ್ಲಿತ್ತು? ಮೂರು ಮೀಟರು ದೂರದಲ್ಲಿ ಕೂತು ಕೋವಿ ಉಜ್ಜುತ್ತಿದ್ದೆ. ಈ ತಿಂಗಳು ನನಗೆ ಸುಖವಾಗಿದೆ. ಬರೆಯಲು ನಾಚಿಕೆ, ಆದರೆ ನಿಜ.

೭ ಜುಲೈ, ಭಾನುವಾರ

ಕೆರೆ ದಂಡೆಯಿಂದ ಬಂದೆ. ಬಾಗಿಲು ತೆಗೆದ ಕೂಡಲೇ ಬಿಸಿ ಬನ್ನಿನ ವಾಸನೆ. ಗಸಗಸೆ ಬನ್ನು. ಬಾಗಿಲಲ್ಲೇ ನಿಂತೆ. ಅಡುಗೆಮನೆಯಲ್ಲಿ ಒಂದು ಕಾಳು ಗಸಗಸೆ ಇರಲಿಲ್ಲ, ನನಗೆ ಗೊತ್ತು.

ತಟ್ಟೆ ಮುಂದಿಟ್ಟಳು. "ತಿನ್ನು."

"ಗಸಗಸೆ ಎಲ್ಲಿ ಸಿಕ್ತು?"

"ಮದ್ದಿನ ಡಬ್ಬೀಲಿ." ಎದುರಿಗೆ ಕೂತಳು. "ತುಂಬೋ ಮುಂಚೆ ಡಬ್ಬಿ ತೊಳೆದಿದ್ಯಾ?"

"ಹೊಸ ಡಬ್ಬಿ. ತೊಳೆದು ಬಿಸಿಲಿಗೂ ಇಟ್ಟಿದ್ದೆ."

"ಹಾಗಾದ್ರೆ ತಿನ್ನು. ಆರಿಹೋಗತ್ತೆ."

ಒಂದು ತುತ್ತು ಬಾಯಿಗಿಟ್ಟೆ. ಯಾವಾಗಿನಿಂದ ಗೊತ್ತು ಎಂದೆ.

"ಮೊದಲನೇ ದಿನದಿಂದ. ನೀನು ಗ್ಯಾರೇಜಿಗೆ ಹೋದ್ಯಲ್ಲ, ಆಗ ಒಂದು ಒಂದು ಇಟ್ಟೆ, ಎರಡು ಇಟ್ಟೆ. ಎರಡು ಮೇಲೆ ಹೋಯ್ತು. ಅದಲುಬದಲು ಮಾಡ್ದೆ, ಆಗ್ಲೂ ಮೇಲೇ. ಮಗುಚಿ ನೋಡಿದ್ರೆ ಮೇಣ."

"ಆ ಶಾಸ್ತ್ರ ಬಿಟ್ಟಿದ್ಯಲ್ಲ ನೀನು."

"ಬಿಟ್ಟಿದ್ನಾ? ನಂಗೆ ಗೊತ್ತಿಲ್ಲ. ಆವತ್ತು ನೆನಪಾಯ್ತು."

"ಯಾಕೆ ಹೇಳ್ಲಿಲ್ಲ ಲಿಬಾ?"

ಮೇಜಿನ ಮೇಲೆ ಬಿದ್ದ ಚೂರುಗಳನ್ನು ಬೆರಳಿನಿಂದ ಒಟ್ಟು ಮಾಡುತ್ತ ಹೇಳಿದಳು.

"ಮೂವತ್ತೊಂದು ವರ್ಷ ನನ್ನ ಬಟ್ಟಿಗೆ ಯಾರೂ ಕೈ ಹಚ್ಚಿಲ್ಲ ವಿಲ್ದಾ. ನೀನಂತೂ ಹಚ್ಚೋನಲ್ಲ, ಅಳತೆ ಅಂದ್ರೆ ನಿಂಗೂ ಪ್ರಾಣ. ಅಂಥವನು ಹಚ್ಚಿದಾನೆ ಅಂದ್ರೆ ತಪ್ಪಿರೋದು ತಕ್ಕಡೀಲಿ ಅಲ್ಲ, ನನ್ನಲ್ಲಿ. ಡಾಕ್ಟರ್ ಏನಂದ್ರು ಅಂತ ಅದಕ್ಕೇ ಕೇಳ್ಲಿಲ್ಲ ಆಮೇಲೂ. ಬಟ್ಟೇ ಹೇಳ್ತು."

ಕೈಯಲ್ಲಿದ್ದ ಬನ್ನು ತಟ್ಟೆಗಿಟ್ಟೆ.

"ಒಂದೊಂದು ದಿನ ಮರೆತೇ ಹೋಗಿರ್ತಿತ್ತು. ಖುಷಿಯಾಗಿ ಬಂದು ಕೂರ್ತಿದ್ದೆ. ಬಟ್ಟು ಇಟ್ಟಾಗ ಮತ್ತೆ ಗೊತ್ತಾಗೋದು. ಹೊಸದಾಗಿ."

ಅಯ್ಯೋ. ಅವಳಿಗೆ ಹೇಳಲು ನನಗೆ ಧೈರ್ಯ ಇರಲಿಲ್ಲ ಅಂತ ಮಾಡಿದ್ದು. ನಾನು ಕೊರೆದ ಬಟ್ಟು ವಾರಕ್ಕೆ ಮೂರು ಸಲ ಅದನ್ನೇ ಅವಳಿಗೆ ಹೇಳುತ್ತಿತ್ತು. ಅವಳು ಬಟ್ಟು ಇಡುವಷ್ಟು ಹೊತ್ತು ನಾನು ಪಕ್ಕದ ಕೋಣೆಯಲ್ಲಿ ಸೀಟಿ ಹೊಡೆಯುತ್ತ ಹಿತ್ತಾಳೆ ಎಣಿಸುತ್ತಿದ್ದೆ.

"ಮತ್ತೆ ಯಾಕೆ ಎರಡು ತಿಂಗಳು ಗಸಗಸೆ ತುಂಬ್ತಾ ಕೂತೆ?"

"ನೀನು ಪಕ್ಕದಲ್ಲಿ ಕೂರ್ತಿದ್ಯಲ್ಲ. ಹನ್ನೆರಡು ವರ್ಷದಲ್ಲಿ ಒಂದು ದಿನ ಕೂತಿದ್ಯಾ?"

ಬನ್ನು ಪೂರ್ತಿ ತಿಂದೆ. ಇನ್ನೊಂದನ್ನೂ ತಿಂದೆ. ಅವಳು ನೋಡುತ್ತ ಕೂತಿದ್ದಳು.

೮ ಜುಲೈ

ಕೊರೆದದ್ದನ್ನು ಮತ್ತೆ ತುಂಬಲು ಬರುವುದಿಲ್ಲ. ಸೀಸ ಹಾಕುತ್ತೇನೆ ಎಂದೆ. "ಆಗ ಅದು ಬಟ್ಟು ಅಲ್ಲ, ಹುಳುಕು ತುಂಬಿಸಿದ ಹಲ್ಲು" ಎಂದಳು. ಹೊಸ ಎರಡು ಗ್ರಾಮಿನದಕ್ಕೆ ಬರೆದು ಹಾಕಿದೆ. ಇನ್ನು ಮೇಲೆ ಎಳೆಯುವವನು, ತುಂಬುವವನು ನಾನು. ತೂಕ ಮಾತ್ರ ಅವಳದು. ಅವಳು ತೂಗುತ್ತಾಳೆ, ನಾನು ನೋಡುತ್ತೇನೆ. ಬಚ್ಚಿಡುವುದು ಇನ್ನಿಲ್ಲ. ಹೀಗೆ ಮಾತಾಯಿತು.

"ಎಲ್ಲಿವರೆಗೆ?" ಎಂದೆ, ಬಾಯಿ ತಪ್ಪಿ.

"ಒಂದೂ ಒಂದೂ ಎರಡಾಗೋವರೆಗೆ" ಎಂದಳು.

೧೮ ಜುಲೈ, ಗುರುವಾರ, ಬೆಳಿಗ್ಗೆ ೯

ಪೋಸ್ಟಿನಲ್ಲಿ ಬಟ್ಟು ಬಂತು. ಹತ್ತಿಯಲ್ಲಿ ಸುತ್ತಿದ್ದರು. ಲಿಬಾ ಬಿಳಿ ಕೋಟು ಹಾಕಿಕೊಂಡಳು, ಗುಂಡಿ ಒಂದು ಮನೆ ತಪ್ಪಿತ್ತು, ಸರಿ ಮಾಡಿದೆ. ತಕ್ಕಡಿ ಒರೆಸಿದಳು. ಖಾಲಿ ತಟ್ಟೆಗಳು ಆಡಿ ಆಡಿ ಸಮ ನಿಂತವು. ಒಂದು ಗ್ರಾಮಿನ ಎರಡು ಬಟ್ಟನ್ನು ಎಡಗಡೆ ಇಟ್ಟಳು. ಹೊಸದನ್ನು ಚಿಮಟದಲ್ಲಿ ಎತ್ತಿ ಬಲಗಡೆ ಇಟ್ಟಳು. ಕೈ ಒಂದಿಷ್ಟೂ ನಡುಗಲಿಲ್ಲ. ಮುಳ್ಳು ನಟ್ಟನಡುವೆ ನಿಂತಿತು. ಎಷ್ಟು ಚೆಂದ ನಿಂತಿತು.

ಅವಳು ಮುಳ್ಳನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು. ಅಂಗಡಿಯಲ್ಲಿ ಹಿರಿಯಾಕೆಯನ್ನು ಕೇಳುವ ಹೊಸ ಹುಡುಗಿಯ ಹಾಗೆ, ತಗ್ಗಿದ ದನಿಯಲ್ಲಿ ಕೇಳಿದಳು.

"ವಿಲ್ದಾ, ಒಂದು ಒಂದು ಸೇರಿದ್ರೆ ಎಷ್ಟಾಗ್ಬೇಕಿತ್ತು?"

ನಾನು ಕುರ್ಚಿ ಎಳೆದು ಅವಳ ಪಕ್ಕ ಕೂತು, "ಎರಡು" ಎಂದೆ.